ಓಟ ಕಲಿಸದ ಸ್ಟಾಪ್‌ವಾಚ್

ಚನ್ನಗಿರಿಯಿರಲಿ, ಜಗಳೂರಿರಲಿ, ನಸುಕಿನಲ್ಲಿ ಮೈದಾನಕ್ಕಿಳಿಯುವ ಹುಡುಗರಿಗೆ ಓಟ ಎಂದರೆ ಒಂದೇ ಲೆಕ್ಕ: 1600 ಮೀಟರ್. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು ಅಷ್ಟು ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ. ಅರೆಸೇನಾ ಪಡೆಗಳ ಜಿ.ಡಿ. ಕಾನ್‌ಸ್ಟೆಬಲ್ ಹುದ್ದೆಗಾದರೆ ಗಂಡಸರು 24 ನಿಮಿಷದಲ್ಲಿ 5 ಕಿ.ಮೀ. ಓಡಬೇಕು. ನೇಮಕಾತಿಗೆ ಒಂದು ಅಳತೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಪರೀಕ್ಷೆಯ ಆ ಅಳತೆಯೇ ನಮ್ಮೂರುಗಳಲ್ಲಿ ಅಭ್ಯಾಸದ ಪದ್ಧತಿಯೂ ಆಗಿಬಿಟ್ಟಿದೆ, ತಕರಾರು ಅದರ ಬಗ್ಗೆ. ನಿನ್ನೆವರೆಗೆ ಓಡದವನೂ ಇವತ್ತು ಬಂದು ಅದೇ ವೇಗಕ್ಕೆ ಬೀಳುತ್ತಾನೆ.

ಅದು ಹೇಗೆ ಕೆಡುತ್ತದೆ ಎಂಬುದನ್ನು ಯಾವ ಮೈದಾನದಲ್ಲಿ ಬೇಕಾದರೂ ನೋಡಬಹುದು. 200 ಮೀಟರ್ ಸುತ್ತಿನ ಮೈದಾನದಲ್ಲಿ 1600 ಎಂದರೆ ಎಂಟು ಸುತ್ತು, ಸುತ್ತಿಗೆ ಸುಮಾರು 49 ಸೆಕೆಂಡು. ಹೊಸಬ ಮೊದಲ ಸುತ್ತನ್ನು 40 ಸೆಕೆಂಡಿಗೇ ಮುಗಿಸುತ್ತಾನೆ. ಮೂರನೆಯ ಸುತ್ತಿಗೆ ಮುಷ್ಟಿ ಬಿಗಿಯುತ್ತದೆ, ಹೆಗಲು ಕಿವಿಯ ಹತ್ತಿರಕ್ಕೇರುತ್ತದೆ. ಐದನೆಯದಕ್ಕೆ ಪಕ್ಕೆ ಹಿಡಿದುಕೊಂಡು, ಮಂಡಿಯ ಮೇಲೆ ಕೈಯೂರಿ ನಿಲ್ಲುತ್ತಾನೆ. ಮರುದಿನ ಮೀನಖಂಡ ಕಲ್ಲಾಗಿರುತ್ತದೆ. ಆದರೂ ಬಿಡದೆ ಓಡಿದರೆ ವಾರದೊಳಗೆ ಮೊಣಕಾಲಿನ ಕೆಳಗಿನ ಮೂಳೆಯ ಒಳಅಂಚು ಮುಟ್ಟಿದರೆ ನೋಯುತ್ತದೆ. 'ನನಗೆ ದಮ್ಮಿಲ್ಲ' ಎಂದು ತೀರ್ಮಾನಿಸಿ ಮನೆ ಸೇರುತ್ತಾನೆ. ದಮ್ಮು ಯಾರಿಗೂ ಮೊದಲೇ ಇರುವುದಿಲ್ಲ. ಅದು ಕಟ್ಟಿಕೊಳ್ಳುವುದೇ ನಿಧಾನದ ಓಟದಲ್ಲಿ.

ಇದು ದೇಹದ ಲೆಕ್ಕ. ಉಸಿರು ಕಟ್ಟದ ವೇಗದಲ್ಲಿ ಹೆಚ್ಚು ಹೊತ್ತು ಓಡಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕವನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯಾ ಬಲಿಯುತ್ತವೆ. ಹೃದಯ, ಶ್ವಾಸ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆಗೂ ಸ್ನಾಯುರಜ್ಜುವಿಗೂ ತಿಂಗಳುಗಳು ಬೇಕು. ಉಸಿರು 'ಓಡು' ಎನ್ನುವಾಗ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಹೆಚ್ಚಿನ ಪೆಟ್ಟು ಬೀಳುವುದು ಆ ನಡುವಿನ ಅಂತರದಲ್ಲೇ. 6 ನಿಮಿಷ 30 ಸೆಕೆಂಡಿನ 1600 ಎಂದರೆ ಕಿ.ಮೀ.ಗೆ ಸುಮಾರು 4 ನಿಮಿಷ 4 ಸೆಕೆಂಡು. ಹೊಸಬರಲ್ಲಿ ಅನೇಕರಿಗೆ ಹಿತವಾದ ವೇಗ ಕಿ.ಮೀ.ಗೆ 7ರಿಂದ 9 ನಿಮಿಷ. ಹೆಚ್ಚುಕಡಿಮೆ ಇಮ್ಮಡಿ ಹೊತ್ತು!

ನಿಧಾನ ಓಡಿದರೆ ವೇಗ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಉತ್ತರ ಕೊಟ್ಟು ಅರುವತ್ತು ವರ್ಷ ಮೀರಿತು. ಅವರ ಶಿಷ್ಯ ಪೀಟರ್ ಸ್ನೆಲ್ ಎರಡು ನಿಮಿಷದೊಳಗೆ ಮುಗಿಯುವ 800 ಮೀಟರ್ ಓಟಗಾರ. ಆದರೂ ಲಿಡಿಯಾರ್ಡ್ ಆತನನ್ನು ಆಕ್ಲೆಂಡಿನ ಗುಡ್ಡದ ದಾರಿಯಲ್ಲಿ 35 ಕಿ.ಮೀ.ಯ ದೀರ್ಘ ಓಟಕ್ಕೆ ಕರೆದೊಯ್ಯುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿ, ಅದೇ ದಿನ ಲಿಡಿಯಾರ್ಡ್‌ರ ಮತ್ತೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಸಾಮಾನ್ಯ ಜನರಿಗೂ ಲಿಡಿಯಾರ್ಡ್ ಜಾಗಿಂಗ್ ಕಲಿಸಿದರು. ಅದನ್ನು ಕಣ್ಣಾರೆ ಕಂಡ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ 1967ರಲ್ಲಿ ತಂದ 'ಜಾಗಿಂಗ್' ಪುಸ್ತಕ ಅಲ್ಲಿನ ಮಧ್ಯವಯಸ್ಕರನ್ನು ರಸ್ತೆಗಿಳಿಸಿತು.

ಹಾಗಾದರೆ ಹಿತವಾದ ವೇಗವನ್ನು ಗುರುತಿಸುವುದು ಹೇಗೆ? 180ರಲ್ಲಿ ವಯಸ್ಸು ಕಳೆದು ಬಂದ ಸಂಖ್ಯೆಯನ್ನು ಹೃದಯ ಬಡಿತ ದಾಟಬಾರದು ಎಂಬ ಸೂತ್ರವಿದೆ. ಒಂದೇ ವಯಸ್ಸಿನ ಇಬ್ಬರ ಬಡಿತ ಎಷ್ಟೋ ಬೇರೆಯಿರುವುದರಿಂದ ಅದನ್ನು ಅಂದಾಜಿಗಷ್ಟೇ ಇಟ್ಟುಕೊಳ್ಳಬೇಕು. ಕೈಗಡಿಯಾರ, ಮೊಬೈಲ್ ಆ್ಯಪ್ ತೋರಿಸುವ ನಿಮಿಷದ ಲೆಕ್ಕ ನಮ್ಮ ದಾವಣಗೆರೆ ಜಿಲ್ಲೆಯಲ್ಲಂತೂ ಇನ್ನಷ್ಟು ದಾರಿ ತಪ್ಪಿಸುತ್ತದೆ. ಹೊನ್ನಾಳಿಯ ತುಂಗಭದ್ರೆಯ ದಂಡೆ, ಗದ್ದೆ ಬಯಲಿನ ಸಮತಟ್ಟು ದಾರಿಯಲ್ಲಿ ಕಿ.ಮೀ.ಗೆ 7 ನಿಮಿಷ ಸಲೀಸು. ನ್ಯಾಮತಿಯಿಂದ ಸವಳಂಗದ ಕಡೆಗೆ, ಮಲೆನಾಡಿನ ಸೆರಗಿನ ಏರಿಳಿತಗಳಲ್ಲಿ ಅದೇ 7 ನಿಮಿಷ ತೊಡೆ ಹಿಂಡುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ನೆರಳು ಬೇರೆ, ಮಳೆ ಕಾಣದ ಜಗಳೂರಿನ ಬಯಲಿನಲ್ಲಿ ಎದುರುಗಾಳಿ, ಏಪ್ರಿಲ್ ಬಿಸಿಲು ಬೇರೆ. ನಾಲ್ಕು ಕಡೆಯೂ ಒಂದೇ ಸಂಖ್ಯೆ ಹಿಡಿದು ಓಡುವುದು ತಪ್ಪು.

ನಾಲ್ಕೂ ಕಡೆ ನಡೆಯುವ ಅಳತೆ ಮಾತು. ಪಕ್ಕದವನೊಡನೆ ಪೂರ್ತಿ ವಾಕ್ಯ ಆಡಲು ಬಂದರೆ ವೇಗ ಸರಿಯಿದೆ. 'ಹೂಂ', 'ಆಯ್ತು' ಎಂಬಲ್ಲಿಗೆ ಮಾತು ಮೊಟಕಾದರೆ ಹೆಚ್ಚಾಯಿತು. ಒಬ್ಬರೇ ಓಡುವವರು ಬಾಯಿಪಾಠವಿರುವ ವಚನವೊಂದನ್ನು ಗಟ್ಟಿಯಾಗಿ ಹೇಳಿಕೊಂಡು ನೋಡಬಹುದು. ಏರು ಬಂದರೆ, ಬಿಸಿಲೇರಿದರೆ, ರಾತ್ರಿ ನಿದ್ದೆಗೆಟ್ಟಿದ್ದರೆ ಈ ಅಳತೆ ತಾನೇ ವೇಗ ತಗ್ಗಿಸುತ್ತದೆ. ಖರ್ಚೂ ಇಲ್ಲ. ಇದಕ್ಕಿಂತ ಒಳ್ಳೆಯ ವಿಧಾನ ಹೊಸಬರಿಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊರತೆಯೂ ಇದೆ. ಕೆಲವರಿಗೆ ಎಷ್ಟು ನಿಧಾನ ಓಡಿದರೂ ಮಾತು ಹೊರಡುವುದಿಲ್ಲ. ಅಂಥವರು ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯಲಿ. ನಡೆದರೆ ಸೋತಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಯ ಹೊತ್ತಿಗೆ ಮಾಲೆ ಧರಿಸಿ ದೂರದೂರದಿಂದ ಕಾಲ್ನಡಿಗೆಯಲ್ಲಿ ಬರುವವರನ್ನು ನೋಡಿದವರಿಗೆ, ಹಿತವಾದ ಹೆಜ್ಜೆ ಎಷ್ಟು ದೂರ ಒಯ್ಯಬಲ್ಲದು ಎಂದು ಬೇರೆ ಹೇಳಬೇಕಿಲ್ಲ.

ದೂರವನ್ನು ವಾರಕ್ಕೆ ಶೇ 10ಕ್ಕಿಂತ ಹೆಚ್ಚಿಸಬಾರದು ಎಂಬ ನಿಯಮವನ್ನೂ ಶಾಸ್ತ್ರದಂತೆ ಹೇಳುತ್ತಾರೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ಸಂಶೋಧಕರು ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು: ನಿಧಾನವಾಗಿ ಹೆಚ್ಚಿಸಿದವರಲ್ಲೂ, ಬೇಗ ಹೆಚ್ಚಿಸಿದವರಲ್ಲೂ ಗಾಯಗೊಂಡವರು ಐವರಲ್ಲಿ ಒಬ್ಬರು. ಶೇಕಡಾವಾರು ಲೆಕ್ಕಕ್ಕಿಂತ, ನಿನ್ನೆಯ ನೋವು ಇವತ್ತಿಗೆ ಕಡಿಮೆಯಾಗಿದೆಯೇ ಎಂದು ನೋಡುವುದು ವಾಸಿ.

ನಿಧಾನ ಓಡಲು ನಿಜವಾದ ಅಡ್ಡಿ ದೇಹದ್ದಲ್ಲ, ರಸ್ತೆಯ ಕಣ್ಣುಗಳದ್ದು. ಮೂವತ್ತು ದಾಟಿದವರು ಓಡಿದರೆ 'ಶುಗರ್ ಬಂತಾ?' ಎನ್ನುತ್ತಾರೆ, ಹೆಣ್ಣುಮಕ್ಕಳು ಓಡಿದರೆ ತಿರುಗಿ ನೋಡುತ್ತಾರೆ. ಆ ನೋಟ ತಪ್ಪಿಸಿಕೊಳ್ಳಲು ಹೊಸಬರು ವೇಗ ಹೆಚ್ಚಿಸುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಮಾತಾಡುವ ವೇಗದಲ್ಲಿ ನಾಲ್ವರು ಜೊತೆಯಾಗಿ ಓಡಲು ಸಾಧ್ಯ. ಜೊತೆಯಿದ್ದರೆ ಅಂಜಿಕೆ ಕಡಿಮೆ.

ನೇಮಕಾತಿಗೆ ಹುಡುಗರನ್ನು ತಯಾರು ಮಾಡುವ ದೈಹಿಕ ಶಿಕ್ಷಕರಲ್ಲಿ, ತರಬೇತುದಾರರಲ್ಲಿ ಒಂದು ಮನವಿ. ಮೊದಲ ಎಂಟು ವಾರ ಸ್ಟಾಪ್‌ವಾಚ್ ಚೀಲದಲ್ಲೇ ಇರಲಿ. ಮಾತಾಡುತ್ತಾ ಅರ್ಧ ಗಂಟೆ ನಿಲ್ಲದೆ ಓಡಲು ಬಂದಮೇಲೆ ವಾರಕ್ಕೊಮ್ಮೆ ಹೊರತೆಗೆಯಿರಿ, 49 ಸೆಕೆಂಡಿನ ಸುತ್ತುಗಳನ್ನು ಆಗ ಕಲಿಸಿ.