ರಸಾಯನವಿಜ್ಞಾನದ ವೃತ್ತಿಸಂಘಗಳು: ಸದಸ್ಯತ್ವದ ಬೆಲೆ ಮತ್ತು ಮಿತಿ

ಒಂದೇ ಶಾಸ್ತ್ರದಲ್ಲಿ ದುಡಿಯುವವರು ತಮ್ಮ ತಿಳಿವಳಿಕೆಯನ್ನು ಪರಸ್ಪರ ಒರೆಗೆ ಹಚ್ಚಿ ನೋಡಲು, ಪ್ರಕಟಿಸಲು ಮತ್ತು ಮುಂದಿನ ತಲೆಮಾರಿಗೆ ದಾಟಿಸಲು ಸ್ವಇಚ್ಛೆಯಿಂದ ಕಟ್ಟಿಕೊಂಡ ಸಂಸ್ಥೆಯನ್ನು ವೃತ್ತಿಸಂಘ ಎನ್ನಬಹುದು. ಭಾರತದಲ್ಲಿ ಔಷಧ ವಿತರಿಸುವ ಫಾರ್ಮಸಿಸ್ಟನಿಗೆ 1948ರ ಫಾರ್ಮಸಿ ಕಾಯಿದೆಯ ಪ್ರಕಾರ ನೋಂದಣಿ ಬೇಕು, ವಕೀಲನಿಗೆ ಬಾರ್ ಕೌನ್ಸಿಲ್ಲಿನ ಸನ್ನದು ಬೇಕು. ಆದರೆ ರಸಾಯನವಿಜ್ಞಾನಿಗೆ ಅಂಥ ಯಾವ ಶಾಸನಬದ್ಧ ನೋಂದಣಿಯೂ ಇಲ್ಲ. ಹೀಗಾಗಿ ಈ ಶಾಸ್ತ್ರದ ಸಂಘಗಳಿಗೆ ಕಾನೂನಿನ ಬಲವಿಲ್ಲ. ಅವು ಜ್ಞಾನಕ್ಕೆ ಎಷ್ಟು ನೆರವಾದವು, ಹೊಸಬರನ್ನು ಎಷ್ಟು ಒಳಗೆ ಕರೆದುಕೊಂಡವು ಎಂಬ ಎರಡು ಅಳತೆಗಳಿಂದಲೇ ಅವುಗಳ ಬೆಲೆ ಕಟ್ಟಬೇಕಾಗುತ್ತದೆ.

ಲಂಡನ್ನಿನಲ್ಲಿ 1841ರಲ್ಲಿ ಹುಟ್ಟಿದ ಕೆಮಿಕಲ್ ಸೊಸೈಟಿಯ ಮಾದರಿ ಭಾರತಕ್ಕೆ ಬಂದದ್ದು 1924ರಲ್ಲಿ, ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಅಧ್ಯಕ್ಷತೆಯಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಸ್ಥಾಪನೆಯಾದಾಗ. ಬೆಂಗಳೂರು ಈ ಚರಿತ್ರೆಗೆ ಹೊರಗಿನದಲ್ಲ. ವಿಲಿಯಂ ರಾಮ್ಸೆ ಅವರೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಜಡ ಅನಿಲಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದರು, ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳನ್ನು ಅಭ್ಯಸಿಸುವವರ ಸೊಸೈಟಿ ಆಫ್ ಬಯಾಲಾಜಿಕಲ್ ಕೆಮಿಸ್ಟ್ಸ್ 1930ರಲ್ಲಿ ಇದೇ ನಗರದಲ್ಲಿ ರೂಪುಗೊಂಡಿತು, 1999ರಲ್ಲಿ ಸಿ.ಎನ್.ಆರ್. ರಾವ್ ಅವರು ಸ್ಥಾಪಕ ಅಧ್ಯಕ್ಷರಾಗಿ ಆರಂಭವಾದ ಕೆಮಿಕಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ, ಅಂದರೆ ಸಿಆರ್‌ಎಸ್‌ಐ, ತನ್ನ ಕೇಂದ್ರ ಕಚೇರಿಯನ್ನು ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಇರಿಸಿಕೊಂಡಿದೆ.

ಸಿಆರ್‌ಎಸ್‌ಐಯ ಸಾಧನೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಅದರ ರಾಷ್ಟ್ರೀಯ ವಿಚಾರಸಂಕಿರಣ ಒಂದೇ ಊರಿಗೆ ಕಟ್ಟುಬೀಳದೆ ದೇಶದ ಬೇರೆ ಬೇರೆ ಸಂಸ್ಥೆಗಳ ಆತಿಥ್ಯದಲ್ಲಿ ನಡೆಯುತ್ತದೆ. ಚಿನ್ನ, ಬೆಳ್ಳಿ, ಕಂಚಿನ ಪದಕಗಳ ಮೂಲಕ ಹಿರಿಯರ ಜೀವಮಾನದ ದುಡಿಮೆಯ ಜೊತೆಗೆ ನಡುಹರೆಯದ ಸಂಶೋಧಕರ ಕೆಲಸಕ್ಕೂ ಮನ್ನಣೆ ದೊರೆಯುತ್ತದೆ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯೊಡನೆ ನಡೆಸುವ ಜಂಟಿ ಸಭೆಗಳಿಂದಾಗಿ ಇಲ್ಲಿನ ಸಂಶೋಧನಾ ವಿದ್ಯಾರ್ಥಿಗೆ ಹೊರದೇಶದ ವಿಜ್ಞಾನಿಯ ಎದುರು ನಿಂತು ಪ್ರಶ್ನೆ ಕೇಳುವ ಅವಕಾಶ ಸಿಗುತ್ತದೆ. ಮೊದಲ ಅಳತೆಯಲ್ಲಿ, ಅಂದರೆ ಜ್ಞಾನದ ವಿನಿಮಯದಲ್ಲಿ, ಈ ಸಂಘ ಗೆದ್ದಿದೆ.

ಎರಡನೆಯ ಅಳತೆಯಲ್ಲಿ ಅದೇ ಮಾತನ್ನು ಹೇಳುವುದು ಕಷ್ಟ. ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ವಾಸವಿದ್ದು ಜಯನಗರದ ಯಾವುದಾದರೊಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ವಿದ್ಯಾರ್ಥಿಗೆ ವಿಜ್ಞಾನ ಸಂಸ್ಥೆ ಒಂದು ಬಸ್ ಪ್ರಯಾಣದಷ್ಟೇ ದೂರ. ಓದು ಮುಗಿದ ಬಳಿಕ ಅವಳು ಕೆಲಸ ಹುಡುಕಿ ಹೋಗುವ ಬೊಮ್ಮಸಂದ್ರ ಮತ್ತು ಜಿಗಣಿಯ ಔಷಧ ಪ್ರಯೋಗಾಲಯಗಳು ತೆಂಕಣ ದಿಕ್ಕಿನಲ್ಲಿ ಅಷ್ಟೇ ಹತ್ತಿರ. ಹೀಗೆ ಶಾಸ್ತ್ರದ ನೆಲೆಗೂ ಉದ್ಯಮದ ನೆಲೆಗೂ ನಡುವೆ ಬದುಕುವ ಇಂಥ ವಿದ್ಯಾರ್ಥಿಯು ಸಂಘದ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಪಿಎಚ್.ಡಿ.ಗೆ ಸೇರಿದ ನಂತರ, ಸೇರದಿದ್ದರೆ ಎಂದಿಗೂ ಇಲ್ಲ. ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಮಾದರಿಗಳ ಶುದ್ಧತೆಯನ್ನು ದಿನವೂ ಅಳೆಯುವವರು ರಸಾಯನವಿಜ್ಞಾನದಿಂದಲೇ ಅನ್ನ ಉಣ್ಣುವವರಾದರೂ ಸಂಶೋಧನೆಯನ್ನೇ ಕೇಂದ್ರವಾಗಿಸಿಕೊಂಡ ಸಂಘದಲ್ಲಿ ಅವರಿಗೆ ತಕ್ಕ ಜಾಗ ಕಾಣುವುದಿಲ್ಲ. ಕಲಾಪವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಬಂದವರ ಹಿಂಜರಿಕೆ ಇನ್ನೂ ಹೆಚ್ಚುತ್ತದೆ.

ವಿದೇಶಿ ಸಂಘಗಳು ಈ ತೆರವನ್ನು ಭಾಗಶಃ ತುಂಬುತ್ತಿವೆ. ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಲ್ಲಿ ವಿದ್ಯಾರ್ಥಿಯಿಂದ ಮೊದಲುಗೊಂಡು ಅಸೋಸಿಯೇಟ್, ಮೆಂಬರ್, ಫೆಲೋ ಎಂಬ ಮೆಟ್ಟಿಲುಗಳಿದ್ದು, ಅನುಭವ ಬೆಳೆದಂತೆ ಮೇಲೇರಬಹುದು. 1876ರಲ್ಲಿ ಸ್ಥಾಪಿತವಾದ ಅಮೆರಿಕನ್ ಕೆಮಿಕಲ್ ಸೊಸೈಟಿ ಅಮೆರಿಕದ ಹೊರಗೂ ವಿದ್ಯಾರ್ಥಿ ಘಟಕಗಳಿಗೆ ಅವಕಾಶ ಕೊಟ್ಟಿದೆ. ಆದರೆ ಇಲ್ಲೊಂದು ಅಪಾಯವಿದೆ: ಹೆಸರಿನ ಮುಂದೆ ಸೇರುವ ಕೆಲವು ಅಕ್ಷರಗಳಿಗಾಗಿ ವರ್ಷವರ್ಷ ಶುಲ್ಕ ಕಟ್ಟಿ, ಒಂದು ಸಭೆಗೂ ಹೋಗದೆ, ಒಂದು ಲೇಖನವನ್ನೂ ಓದದೆ ಉಳಿಯುವ ಸದಸ್ಯತ್ವ ಸಂಘಕ್ಕೂ ಸದಸ್ಯನಿಗೂ ಬೆಳವಣಿಗೆ ತರುವುದಿಲ್ಲ.

ಸದಸ್ಯತ್ವಕ್ಕೆ ಅರ್ಥ ಬರುವುದು ದುಡಿಮೆಯಿಂದ. ವಿಚಾರಸಂಕಿರಣಗಳಲ್ಲಿ ಭಿತ್ತಿಪತ್ರ ಪ್ರದರ್ಶನವೆಂಬ ಪದ್ಧತಿಯಿದೆ. ವಿದ್ಯಾರ್ಥಿ ತನ್ನ ಪ್ರಯೋಗದ ಉದ್ದೇಶ, ವಿಧಾನ, ಫಲಿತಾಂಶಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಅಡಕಗೊಳಿಸಿ ಗೋಡೆಗೆ ತೂಗುಹಾಕಿ, ಅದರ ಪಕ್ಕದಲ್ಲಿ ನಿಂತು ಬಂದವರ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತಾನೆ. ಇಲ್ಲಿ ಅಂಕಗಳಿಲ್ಲ, ಗೊತ್ತುಪಡಿಸಿದ ಪಠ್ಯವಿಲ್ಲ; ತನ್ನ ಅಳತೆಯಲ್ಲಿ ದೋಷವೆಷ್ಟಿರಬಹುದು, ಬೇರೆ ವಿವರಣೆ ಸಾಧ್ಯವೇ ಎಂಬ ಪ್ರಶ್ನೆಗಳನ್ನು ಅಪರಿಚಿತರಿಂದ ಎದುರಿಸುವ ಈ ಗಳಿಗೆಯೇ ವಿದ್ಯಾರ್ಥಿಯನ್ನು ವೃತ್ತಿನಿರತನನ್ನಾಗಿ ರೂಪಿಸುತ್ತದೆ. ಸಂಘವೊಂದು ಹೊಸಬರಿಗೆ ಕೊಡಬಹುದಾದ ಅತ್ಯುತ್ತಮ ಶಿಕ್ಷಣ ಇದೇ ಆಗಿದ್ದು, ಅದನ್ನು ಪದವಿ ತರಗತಿಯವರೆಗೆ ಇಳಿಸಲು ದುಬಾರಿ ಉಪಕರಣಗಳೇನೂ ಬೇಕಿಲ್ಲ. ತಮ್ಮ ಬಡಾವಣೆಯ ಕೊಳವೆಬಾವಿಯ ನೀರಿನ ಗಡಸುತನವನ್ನು ಟೈಟ್ರೇಷನ್ನಿನಿಂದ, ಅಂದರೆ ತಿಳಿದ ಸಾಂದ್ರತೆಯ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ವಿಧಾನದಿಂದ, ಕಂಡುಕೊಂಡವರಿಗೂ ಒಂದು ಗೋಡೆಯ ಜಾಗ ಸಿಕ್ಕರೆ ಸಾಕು.

ಇಂಥ ಕೆಲಸಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ನೆಲೆಗಟ್ಟು ಆಗಲೇ ಇದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದಾಗಲೇ ವಿಜ್ಞಾನವನ್ನು ಕನ್ನಡದಲ್ಲಿ ಖಚಿತವಾಗಿ ಹೇಳಬಹುದೆಂದು ಸಿದ್ಧವಾಗಿತ್ತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿತು. ಬನಶಂಕರಿ ಎರಡನೆಯ ಹಂತದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ವನ್ನು ಪ್ರಕಟಿಸುತ್ತಿದ್ದು, ಅದನ್ನು ಬೆಳೆಸಿದ ಸಂಪಾದಕರಲ್ಲಿ ರಸಾಯನವಿಜ್ಞಾನದ ಅಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ಪ್ರಮುಖರು. ಈ ಸಂಸ್ಥೆಗಳು ಸಾರ್ವಜನಿಕರನ್ನು ತಲುಪಿದವು, ವೃತ್ತಿಯ ಒಳಮನೆಗೆ ಕರೆದೊಯ್ಯುವುದು ಅವುಗಳ ಕೆಲಸವಾಗಿರಲಿಲ್ಲ. ವೃತ್ತಿಸಂಘಗಳು ಒಳಮನೆಯನ್ನು ಚೆನ್ನಾಗಿ ಕಟ್ಟಿದವು, ಹೊಸ್ತಿಲನ್ನು ಮಾತ್ರ ಎತ್ತರದಲ್ಲಿ ಇಟ್ಟವು.

ಆದುದರಿಂದ ತೀರ್ಮಾನ ಇಷ್ಟು: ಸಂಶೋಧನೆಯ ಹಾದಿ ಹಿಡಿಯುವ ವಿದ್ಯಾರ್ಥಿಗೆ ಸಿಆರ್‌ಎಸ್‌ಐಯಂಥ ಸಂಘದ ಸದಸ್ಯತ್ವ ನಿಸ್ಸಂದೇಹವಾಗಿ ಯೋಗ್ಯವಾದದ್ದು, ಆದರೆ ಪದವಿ ವಿದ್ಯಾರ್ಥಿಗಳನ್ನೂ ಕಾರ್ಖಾನೆಯ ರಸಾಯನವಿಜ್ಞಾನಿಗಳನ್ನೂ ಹೊರಗಿಟ್ಟುಕೊಂಡು ಯಾವ ಸಂಘವೂ ತಾನು ಇಡೀ ವೃತ್ತಿಯ ಪ್ರತಿನಿಧಿ ಎನ್ನಲಾಗದು. ಸಂಘಗಳು ವರ್ಷಕ್ಕೊಂದು ದಿನವಾದರೂ ಜಯನಗರ, ಬನಶಂಕರಿಗಳ ಕಾಲೇಜುಗಳಿಗೆ ಬಂದು ಕನ್ನಡದಲ್ಲಿಯೂ ಭಿತ್ತಿಪತ್ರಗಳನ್ನು ಸ್ವೀಕರಿಸಬೇಕು. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅದಕ್ಕೆ ಸಿದ್ಧಗೊಳಿಸಬೇಕು. ವಿದ್ಯಾರ್ಥಿಗಳು ಕರೆ ಬರುವವರೆಗೆ ಕಾಯದೆ ತೆರೆದ ಉಪನ್ಯಾಸಗಳಿಗೆ ಹೋಗಿ ಕೂತು, ಅರ್ಥವಾಗದ್ದನ್ನು ಎದ್ದುನಿಂತು ಕೇಳಬೇಕು.