ಐದು ನಕ್ಷತ್ರ ಕೊಟ್ಟವರು ಯಾರು?

ಆನ್‌ಲೈನ್ ಹರಾಜಿನ ಯಾವ ತಾಣವನ್ನು ತೆರೆದರೂ ಒಂದು ತಾಮ್ರದ ಬಿಲ್ಲೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಂದು ಮುಖದಲ್ಲಿ ಹನುಮಂತ ಅಥವಾ ರಾಮದರ್ಬಾರು, ಇನ್ನೊಂದು ಮುಖದಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818’. ಪಕ್ಕದಲ್ಲಿ ‘ಅತ್ಯಪರೂಪ, ಅದೃಷ್ಟದ ನಾಣ್ಯ’ ಎಂಬ ಬರಹ. ಕಂಪನಿ ತನ್ನ ಆಳ್ವಿಕೆಗೆಲ್ಲ ಒಂದೇ ಬಗೆಯ ನಾಣ್ಯ ತಂದದ್ದು 1835ರಲ್ಲಿ. ಅದಕ್ಕೆ ಮುಂಚೆ ಬಂಗಾಳ, ಮುಂಬಯಿ, ಮದ್ರಾಸು ಪ್ರಾಂತ್ಯಗಳು ತಮ್ಮ ತಮ್ಮ ನಾಣ್ಯಗಳನ್ನು ತಾವೇ ಟಂಕಿಸುತ್ತಿದ್ದವು. ಮದ್ರಾಸಿನ ಚಿನ್ನದ ಪಗೋಡದ ಮೇಲೆ ವಿಷ್ಣುವೂ ಗೋಪುರವೂ ಇದ್ದದ್ದು ನಿಜ. ಆದರೆ ರಾಮದರ್ಬಾರಿನ ಅರ್ಧ ಆಣೆಯನ್ನು ಕಂಪನಿಯ ಯಾವ ಟಂಕಸಾಲೆಯೂ ಹೊರಡಿಸಲಿಲ್ಲ. ಅದು ಈಚೆಗೆ ಯಾರೋ ಅಚ್ಚು ಮಾಡಿ ಹಳತಾಗಿಸಿದ ಕಲ್ಪನೆಯ ಸರಕು.

ಇಷ್ಟು ಗೊತ್ತಿದ್ದವರು ನಕ್ಕು ಮುಂದೆ ಹೋಗುತ್ತಾರೆ. ಹೋಗುವ ಮುನ್ನ ಆ ಮಾರಾಟಗಾರನ ಹೆಸರಿನ ಪಕ್ಕ ಒಮ್ಮೆ ಕಣ್ಣು ಹಾಯಿಸಿ. ಸಾವಿರಾರು ವಿಮರ್ಶೆಗಳು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೆಚ್ಚುಗೆ. ‘ಬೇಗ ಬಂತು, ಚೆನ್ನಾಗಿ ಪ್ಯಾಕ್ ಮಾಡಿದ್ದರು, ಸೂಪರ್ ನಾಣ್ಯ.’ ಈ ವಿಮರ್ಶೆಗಳೂ ಖೋಟಾ ಎಂದುಕೊಳ್ಳಬೇಡಿ. ಬಹುಪಾಲು ಅಸಲಿಯೇ. ಕೊಂಡವರು ನಿಜವಾಗಿಯೂ ಸಂತೋಷಪಟ್ಟಿದ್ದಾರೆ. ತೊಡಕು ಇರುವುದೇ ಇಲ್ಲಿ. ಪಾರ್ಸೆಲ್ ಸಮಯಕ್ಕೆ ಬಂತೋ ಇಲ್ಲವೋ ಎಂಬುದು ಅದೇ ವಾರ ತಿಳಿಯುತ್ತದೆ. ಒಳಗಿರುವ ನಾಣ್ಯ ಖೋಟಾ ಎಂಬುದು ವರ್ಷಗಳ ಮೇಲೆ, ಬಲ್ಲವರೊಬ್ಬರ ಕೈಗೆ ಅದನ್ನು ಕೊಟ್ಟ ದಿನ ತಿಳಿಯುತ್ತದೆ. ಅಷ್ಟರಲ್ಲಿ ವಿಮರ್ಶೆ ತಿದ್ದುವ ಗಡುವು ಮುಗಿದಿರುತ್ತದೆ, ಹಣ ಹಿಂತಿರುಗಿಸುವ ಗಡುವೂ ಮುಗಿದಿರುತ್ತದೆ. ನಕ್ಷತ್ರಗಳು ಅಳೆಯುವುದು ಅಂಚೆಯ ಚುರುಕನ್ನು. ಮಾರುವವನ ಅರಿವನ್ನೂ ನಿಯತ್ತನ್ನೂ ಅಳೆಯಲು ಬೇರೆ ತಕ್ಕಡಿ ಬೇಕು.

ಹಾಗೆಂದು ವಿಮರ್ಶೆಗಳನ್ನು ಓದಲೇಬಾರದು ಎಂದಲ್ಲ, ಹಿಂದುಮುಂದಾಗಿ ಓದಬೇಕು. ಮೊದಲು ದೂರುಗಳು. ತಡವಾಯಿತು, ಲಕೋಟೆ ಹರಿದಿತ್ತು ಎಂಬಂಥ ದೂರು ಯಾರಿಗೂ ತಪ್ಪಿದ್ದಲ್ಲ. ‘ಚಿತ್ರದಲ್ಲಿದ್ದ ನಾಣ್ಯವೇ ಬೇರೆ, ಬಂದದ್ದೇ ಬೇರೆ’, ‘ತೂಕ ಕಡಿಮೆ’, ‘ಖೋಟಾ ಎಂದರೆ ಉತ್ತರವೇ ಇಲ್ಲ’ ಎಂಬ ಮೂರು ದೂರುಗಳಲ್ಲಿ ಒಂದು ಎರಡು ಸಲ ಕಂಡರೆ ಅಲ್ಲಿಗೆ ಮುಗಿಸಿ. ಆಮೇಲೆ ಆ ಮೆಚ್ಚುಗೆಗಳು ಯಾವ ಸರಕಿಗೆ ಬಂದವು ಎಂದು ನೋಡಿ. ಅಂಚೆಚೀಟಿ, ಕೀಚೈನು, ಹತ್ತಿಪ್ಪತ್ತು ರೂಪಾಯಿಯ ಚಿಲ್ಲರೆ ಸಾಮಾನು ಮಾರಿ ಗಳಿಸಿದ ಹೆಸರಿನಲ್ಲಿ ಇದ್ದಕ್ಕಿದ್ದಂತೆ ವಿಜಯನಗರದ ವರಾಹ ಹರಾಜಿಗೆ ಬಂದರೆ, ಆ ಹೆಸರನ್ನು ಬೆಳೆಸಿದ್ದೇ ಈ ಒಂದು ದಿನಕ್ಕಾಗಿ ಇರಬಹುದು.

ನಾನು ಹೆಚ್ಚು ನಂಬುವ ಪರೀಕ್ಷೆ ಬೇರೊಂದಿದೆ. ನಿಮಗೆ ಬೇಕಾದ ನಾಣ್ಯವನ್ನು ಬಿಟ್ಟು ಆತನ ಉಳಿದ ಸರಕನ್ನೆಲ್ಲ ನೋಡಿ. ಅಂಗಡಿಯ ಮೂಲೆಯಲ್ಲಿ ಆ 1818ರ ಹನುಮಂತ ಕುಳಿತಿದ್ದಾನೆಯೇ? ಅಕ್ಕಿ ಕಾಳನ್ನು ಸೆಳೆಯುತ್ತದೆಂದು ಹೇಳುವ ‘ರೈಸ್ ಪುಲ್ಲಿಂಗ್’ ಶಕ್ತಿಯ ಚೆಂಬು, ಇರಿಡಿಯಂ ಬಿಲ್ಲೆ ಇವೆಯೇ? ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷದ ಬೆಲೆ ಕಟ್ಟಿದ್ದಾನೆಯೇ? ಇದ್ದರೆ ಎರಡೇ ಸಾಧ್ಯತೆ. ಆತನಿಗೆ ನಾಣ್ಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮಾರುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಆತನ ಬಳಿಯ ಟಿಪ್ಪುವಿನ ರೂಪಾಯಿಯನ್ನು ನೀವು ನಂಬುವಂತಿಲ್ಲ.

ಇನ್ನು ವಿವರಣೆ. ಬಲ್ಲ ಮಾರಾಟಗಾರ ನಾಣ್ಯವನ್ನು ಹೊಗಳುವುದಕ್ಕಿಂತ ಅದರ ಗುರುತು ಹೇಳುತ್ತಾನೆ: ತೂಕ, ವ್ಯಾಸ, ಲೋಹ, ಟಂಕಸಾಲೆ, ಇಸವಿ, ಕೊನೆಗೆ ಕುಂದು. ನಮ್ಮ ಮೈಸೂರಿನ ಕಂಠೀರವ ಹಣವನ್ನೇ ತೆಗೆದುಕೊಳ್ಳಿ. ಅರ್ಧ ಗ್ರಾಮೂ ತೂಗದ, ಉಗುರಿನ ತುದಿಯಲ್ಲಿ ನಿಲ್ಲುವ ಚಿನ್ನದ ನಾಣ್ಯ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ್ದು ಅಗಲ ಬಿಲ್ಲೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮತ್ತೆ ಟಂಕಿಸಿದ್ದು ಗಿಡ್ಡ ಬಿಲ್ಲೆ. ‘ಅಗಲ ಕಂಠೀರಾಯ’, ‘ಗಿಡ್ಡ ಕಂಠೀರಾಯ’ ಎಂದು ಬಿಡಿಸಿ ಹೇಳುವವನಿಗೂ ‘ಪುರಾತನ ರಾಜರ ಚಿನ್ನ, ದೇವರಮನೆಯಲ್ಲಿ ಇಟ್ಟರೆ ಒಳ್ಳೆಯದು’ ಎಂದು ಬರೆಯುವವನಿಗೂ ಎಷ್ಟು ದೂರ! ಟಿಪ್ಪುವಿನ ಆನೆ ಗುರುತಿನ ತಾಮ್ರದ ಪೈಸೆಯೂ ಹಾಗೆಯೇ. ಅದರಲ್ಲಿ ಟಂಕಸಾಲೆಯ ಹೆಸರಿರುತ್ತದೆ: ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಟಿಪ್ಪು ತಾನೇ ತಂದ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ಓದಿ ಬರೆದವನು ನಾಣ್ಯವನ್ನು ಕೈಯಲ್ಲಿ ಹಿಡಿದು ಕುಳಿತವನು. ‘ಟಿಪ್ಪು ಕಾಯಿನ್, ರೇರ್’ ಎಂದಷ್ಟೇ ಬರೆದವನು ಮೂಟೆಯಲ್ಲಿ ಕೊಂಡು ಬಿಡಿಯಾಗಿ ಮಾರುವವನು.

ಕುಂದಿನ ಮಾತು ಇನ್ನೂ ಮುಖ್ಯ. ನಮ್ಮಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದವಲ್ಲ. ಕಾಸಿನ ಸರವಾದವು, ಲಕ್ಷ್ಮೀಪೂಜೆಯಲ್ಲಿ ಅರಿಸಿನ ಕುಂಕುಮ ಉಂಡವು, ಹುಣಿಸೆಹಣ್ಣಿನಲ್ಲಿ ಹೊಳಪು ಕಂಡವು. ಕೊಂಡಿ ಕಿತ್ತು ಬೆಸುಗೆ ಉಜ್ಜಿದ ಜಾಗ, ತೊಳೆದು ಸತ್ತ ಮೈ, ಸರಾಫನ ಅಂಗಡಿಯ ಉಳಿ ಪೆಟ್ಟು, ಇವು ಬೆಲೆಯನ್ನು ಅರ್ಧಕ್ಕೆ, ಕೆಲವೊಮ್ಮೆ ಬೆಳ್ಳಿಯ ಬೆಲೆಗೇ ಇಳಿಸುತ್ತವೆ. ‘ಹನ್ನೆರಡು ಗಂಟೆಯ ಜಾಗದಲ್ಲಿ ಕೊಂಡಿಯ ಗುರುತಿದೆ, ಹಿಂದೆ ತೊಳೆದಿದ್ದಾರೆ’ ಎಂದು ತಾನಾಗಿಯೇ ಬರೆದ ಮಾರಾಟಗಾರನ ಹೆಸರನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ತನ್ನ ಸರಕಿನ ಬೆಲೆಯನ್ನು ತಾನೇ ಇಳಿಸುವ ಮಾತನ್ನು ಬರೆಯಬಲ್ಲವನು ಮುಂದೊಂದು ದಿನ ‘ಇದು ಶುದ್ಧ’ ಎಂದರೆ ಆ ಮಾತಿಗೆ ತೂಕವಿರುತ್ತದೆ. ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಚಿತ್ರ ನೋಡಿ ನೀವೇ ತೀರ್ಮಾನಿಸಿ’ ಎಂಬ ವಿನಯದ ವಾಕ್ಯವನ್ನು ಮಾತ್ರ ಬಹಳ ಅನುಮಾನದಿಂದ ನೋಡಿ. ಅದೇ ಅಜ್ಜನ ಪೆಟ್ಟಿಗೆಯಿಂದ ಪ್ರತಿ ವಾರ ನಾಣ್ಯಗಳು ಹೊರಡುತ್ತಿದ್ದರಂತೂ ಕೇಳುವುದೇ ಬೇಡ.

ಚಿತ್ರಗಳು ಮಾರುವವನ ಸಾಕ್ಷಿ ಹೇಳಿಕೆ. ಎರಡೂ ಮುಖ, ಸಾಧ್ಯವಾದರೆ ಅಂಚು, ತಕ್ಕಡಿಯ ಮೇಲಿಟ್ಟ ಒಂದು ಚಿತ್ರ, ಇಷ್ಟು ಇರಬೇಕು. ಒಬ್ಬನ ಹತ್ತು ಸರಕುಗಳ ಹಿನ್ನೆಲೆ, ಬೆಳಕು, ಬಟ್ಟೆ ಹತ್ತು ಬಗೆಯಾಗಿದ್ದರೆ ಚಿತ್ರಗಳು ಎಲ್ಲಿಂದಲೋ ಎತ್ತಿ ತಂದವು. ಚಿತ್ರದಿಂದ ಚಿತ್ರ ಹುಡುಕುವ ಸೌಲಭ್ಯ ಈಗ ಎಲ್ಲರ ಫೋನಿನಲ್ಲೂ ಇದೆ. ಅದೇ ಗೀರು, ಅದೇ ಕಲೆಯ ನಾಣ್ಯ ಯಾವುದೋ ಹಳೆಯ ಹರಾಜಿನ ಕ್ಯಾಟಲಾಗಿನಲ್ಲಿ ಸಿಕ್ಕಿದರೆ ಉತ್ತರ ಸಿಕ್ಕಂತೆ. ಏಷ್ಯಾದ ನಾಣ್ಯಗಳಿಗೆ ಮೀಸಲಾದ ಜೆನೊ ತಾಣದಲ್ಲಿ ಅಸಲಿಯ ಜೊತೆ ಖೋಟಾ ನಾಣ್ಯಗಳ ಚಿತ್ರಗಳೂ ಇವೆ. ಅಲ್ಲಿ ಹೋಲಿಸಿ ನೋಡಿ. ಎರಡು ಬೇರೆ ನಾಣ್ಯಗಳ ಮೇಲೆ ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ ಅವೆರಡೂ ಒಂದೇ ಎರಕದ ಮಕ್ಕಳು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಕೇಳಿ. ನಾಣ್ಯ 1939ರ ಬೆಳ್ಳಿ ರೂಪಾಯಿ ಎನ್ನೋಣ. ಆರನೇ ಜಾರ್ಜನ ಈ ಮುಂಬಯಿ ರೂಪಾಯಿ ವಿರಳ. 1938ರದ್ದು ಸುಲಭವಾಗಿ ಸಿಗುತ್ತದೆ. ಒಂದು ಅಂಕೆಯ ವ್ಯತ್ಯಾಸಕ್ಕೆ ಇಷ್ಟು ಬೆಲೆಯಿರುವಾಗ ಆ ಅಂಕೆಯ ಮೇಲೆ ಕೈಯಾಡಿಸುವ ಆಸೆ ಹುಟ್ಟುವುದು ಸಹಜ. ‘ಕೊನೆಯ ಅಂಕೆಯ ಹತ್ತಿರದ ಚಿತ್ರ ಕಳಿಸಿ, ತೂಕ ಹೇಳಿ, ಖೋಟಾ ಎಂದು ತಿಳಿದರೆ ವಾಪಸು ತೆಗೆದುಕೊಳ್ಳುವಿರಾ?’ ಎಂದು ಕೇಳಿ. ಉತ್ತರ ಏನೆಂಬುದಕ್ಕಿಂತ ಉತ್ತರಿಸುವ ರೀತಿ ನೋಡಿ. ಬಲ್ಲವನಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತದೆ, ಚಿತ್ರ ಬರುತ್ತದೆ. ‘ನಂಬಿಕೆ ಇಲ್ಲದಿದ್ದರೆ ಬಿಡ್ ಮಾಡಬೇಡಿ’ ಎಂದು ಗದರಿಸಿದರೆ ಆತನ ಸಲಹೆಯನ್ನು ಪಾಲಿಸಿ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರಾದ, ದರ್ಜೆ ಕಟ್ಟಿದ ನಾಣ್ಯಗಳಿಗೂ ಇದೇ ನ್ಯಾಯ. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ, ಈ ಎರಡು ಅಮೆರಿಕನ್ ಸಂಸ್ಥೆಗಳ ದರ್ಜೆಗೆ ಲೋಕಮಾನ್ಯತೆ ಇದೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ ನೋಡಬಹುದು. ಆದರೆ ಡಬ್ಬಿಯನ್ನೂ ನಕಲು ಮಾಡುತ್ತಾರೆ, ಅಸಲಿ ಸಂಖ್ಯೆಯನ್ನು ಕದ್ದು ಅದರ ಮೇಲೆ ಹಾಕುತ್ತಾರೆ. ಸಂಖ್ಯೆ ಸರಿ ಬಂದರೆ ಸಾಲದು. ತಾಣದಲ್ಲಿ ಚಿತ್ರವಿದ್ದರೆ ಅದೇ ನಾಣ್ಯವೇ ಎಂದು ಗೀರು ಗೀರು ಹೋಲಿಸಬೇಕು. ಇನ್ನು ಯಾರೋ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ‘ಅಸಲಿ ಪ್ರಮಾಣಪತ್ರ’ಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಕಾನೂನಿನ ಮಾತನ್ನು ಮಾರುವವನು ಹೇಗೆ ಆಡುತ್ತಾನೆ ಎಂಬುದೂ ಒಂದು ಒರೆಗಲ್ಲು. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ‘ದುಬೈಗೋ ಅಮೆರಿಕಕ್ಕೋ ಕಳಿಸುತ್ತೇನೆ, ಕವರಿನ ಮೇಲೆ ಆಟಿಕೆ ಎಂದು ಬರೆಯುತ್ತೇನೆ’ ಎಂದು ಹೊರನಾಡ ಕನ್ನಡಿಗರಿಗೆ ಭರವಸೆ ಕೊಡುವವನು ಸರ್ಕಾರಕ್ಕೆ ಹೇಳುವ ಸುಳ್ಳನ್ನು ನಿಮಗೂ ಹೇಳಬಲ್ಲ. ‘ಹೊಲ ಉಳುವಾಗ ಕೊಡದಲ್ಲಿ ಸಿಕ್ಕಿತು’ ಎಂಬ ಕತೆಯೂ ಅಷ್ಟೇ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಕತೆ ಸುಳ್ಳಾದರೆ ನಾಣ್ಯ ಖೋಟಾ; ನಿಜವಾದರೆ ನಿಮ್ಮ ಮನೆಗೆ ಬರುವುದು ತಕರಾರು. ಯಾವಾಗ, ಯಾರಿಂದ, ಯಾವ ಹರಾಜಿನಲ್ಲಿ ಕೊಂಡದ್ದು ಎಂದು ಬಿಲ್ಲು ತೋರಿಸುವವನೇ ವಾಸಿ.

ಬೆಲೆ ಏರುವ ಬಗೆಯಲ್ಲೂ ಮಾರುವವನ ಬಣ್ಣ ಕಾಣುತ್ತದೆ. ಸವಾಲು ಏರಿಸಲೆಂದೇ ತಮ್ಮವರನ್ನು ಗುಂಪಿನಲ್ಲಿ ನಿಲ್ಲಿಸುವ ಚಾಳಿ ಊರ ಹರಾಜಿನಷ್ಟೇ ಹಳೆಯದು. ಒಬ್ಬನೇ ಅನಾಮಿಕ ಒಬ್ಬನೇ ಮಾರಾಟಗಾರನ ಎಲ್ಲ ಸರಕಿಗೂ ಬಿಡ್ ಹಾಕಿ ಕೊನೆಗಳಿಗೆಯಲ್ಲಿ ಹಿಂದೆ ಸರಿಯುತ್ತಿದ್ದರೆ, ‘ಗೆದ್ದ’ ನಾಣ್ಯ ಮುಂದಿನ ವಾರ ಮತ್ತೆ ಹರಾಜಿಗೆ ಬಂದರೆ, ಆಟ ಅರ್ಥವಾಗಬೇಕು. ಹರಾಜು ಮುಗಿಯುವ ಮುಂಚೆಯೇ ‘ತಾಣದ ಹೊರಗೆ ಕೊಡುತ್ತೇನೆ, ಯುಪಿಐ ಮಾಡಿ’ ಎಂಬ ಸಂದೇಶ ಬಂದರೆ ತಾಣದ ರಕ್ಷಣೆಯೆಲ್ಲ ಅಲ್ಲಿಗೆ ಕಳಚಿತು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರಂತೂ ನೇರ ವಂಚಕರು; ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಣ್ಯ ಬಂದ ದಿನವೇ ಪರೀಕ್ಷೆ ಮುಗಿಸಿ. ಪೊಟ್ಟಣ ಒಡೆಯುವುದನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರಿಸಿ. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ ಇರಬೇಕು. ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು, ಹತ್ತು ಗ್ರಾಮಿಗೆ ಇಳಿಯದು. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯೇ ಅಲ್ಲ. ಅಂಚಿನಲ್ಲಿ ಸುತ್ತಲೂ ಗೆರೆಯಿದ್ದರೆ, ಅಕ್ಷರಗಳ ನಡುವೆ ಸಣ್ಣ ಗುಳ್ಳೆ ಎದ್ದಿದ್ದರೆ ಎರಕ. ಅನುಮಾನ ಬಂದರೆ ಅದೇ ದಿನ ಬರೆಯಿರಿ. ಒಳ್ಳೆಯ ಮಾರಾಟಗಾರನ ಕೊನೆಯ ಮತ್ತು ದೊಡ್ಡ ಪರೀಕ್ಷೆ ಇದು: ವಾದ ಮಾಡದೆ ವಾಪಸು ತೆಗೆದುಕೊಳ್ಳುತ್ತಾನೆಯೇ?

ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಒಂದೇ. ಹೊಸ ಮಾರಾಟಗಾರನಿಂದ ಮೊದಲ ಸಲ ದುಬಾರಿ ನಾಣ್ಯ ಕೊಳ್ಳಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ, ಕಡಿಮೆ ಬೆಲೆಯ ಒಂದು ನಾಣ್ಯ ಕೊಂಡು, ವಿವರಣೆಗೂ ಕೈಗೆ ಬಂದದ್ದಕ್ಕೂ ಎಷ್ಟು ಹೊಂದಿತು ಎಂದು ನೋಡಿ. ಹೊಂದಿದರೆ ಮುಂದುವರಿಯಿರಿ, ಇಲ್ಲದಿದ್ದರೆ ನಷ್ಟ ಒಂದು ಊಟದ ಬೆಲೆಯಷ್ಟೆ. ಹೀಗೆ ನಾಲ್ಕೈದು ಜನ ನಂಬಿಕಸ್ಥರು ಸಿಕ್ಕಿದರೆ ಒಬ್ಬ ಸಂಗ್ರಾಹಕನ ಜೀವಮಾನಕ್ಕೆ ಸಾಕು. ಕೈತಪ್ಪಿದ ನಾಣ್ಯ ಇನ್ನೊಂದು ಹರಾಜಿನಲ್ಲಿ ಬಂದೇ ಬರುತ್ತದೆ, ಅವಸರ ಮಾಡಬೇಡಿ.