ಹಿತ್ತಿಲ ಜೋಳದ ಅಗೆ: ಯಾವ ಮಳೆಗೆ ನೆಡಬೇಕು?

ಶಿರಸಿಯ ಹೆಗಡೆಕಟ್ಟಾ ಸೀಮೆಯಲ್ಲಿ ಮೆಕ್ಕೆಜೋಳ ಹೊಲದ ಬೆಳೆಯಲ್ಲ. ಹೊಲಗಟ್ಟಲೆ ಜೋಳ ನೋಡಬೇಕೆಂದರೆ ಬನವಾಸಿ, ಮುಂಡಗೋಡ ಕಡೆ ಹೋಗಬೇಕು. ಇಲ್ಲಿ ಅಡಿಕೆ ತೋಟದ ಮನೆಗಳ ಹಿತ್ತಿಲಲ್ಲಿ, ಸೌತೆ, ಹೀರೆ, ಬೆಂಡೆಗಳ ಪಕ್ಕ, ಮಕ್ಕಳು ಸುಟ್ಟು ತಿನ್ನಲಿ ಎಂದು ಹಾಕುವ ಒಂದೆರಡು ಸಾಲು ಅದು. ಬೀಜ ನೇರ ಊರಿದರೆ ನವಿಲು, ಹೆಗ್ಗಣಗಳ ಪಾಲು. ಉಳಿದದ್ದು ನೀರು ನಿಂತು ಕೊಳೆಯುತ್ತದೆ. ಹಾಗಾಗಿ ಹಾಲಿನ ಕೊಟ್ಟೆಯಲ್ಲೋ ಅಡಿಕೆ ಹಾಳೆ ಸುತ್ತಿ ಮಾಡಿದ ಕೊಟ್ಟೆಯಲ್ಲೋ ಅಗೆ ಎಬ್ಬಿಸಿ ನೆಡುವುದುಂಟು. ಈ ಪದ್ಧತಿ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೆಡುವ ಕಾಲದ ಬಗ್ಗೆ ಮಾತ್ರ ತಕರಾರಿದೆ.

ಜೋಳ ಕಿತ್ತು ನೆಡುವ ಜಾತಿಯಲ್ಲ ಎನ್ನುವವರ ಮಾತು ಅರ್ಧ ಸರಿ. ಭತ್ತದ ಅಗೆ ಕಿತ್ತರೂ ಚೇತರಿಸಿಕೊಂಡು ಮರಿ ಒಡೆದು ತೆನೆ ಹೆಚ್ಚಿಸಿಕೊಳ್ಳುತ್ತದೆ. ಜೋಳದ್ದು ಒಂಟಿ ದಂಟು. ಬೇರು ಹರಿದರೆ ಆ ನಷ್ಟ ತೆನೆಯಲ್ಲೇ ಕಾಣುತ್ತದೆ. ಆದರೆ ಮೂರು ಎಲೆ ಬರುವವರೆಗೂ ಸಸಿ ಬೀಜದೊಳಗಿನ ಹಿಟ್ಟನ್ನೇ ಉಂಡು ಬೆಳೆಯುತ್ತದೆ, ಬೇರಿನ ಮೇಲೆ ಅಷ್ಟಾಗಿ ಆತುಕೊಂಡಿರುವುದಿಲ್ಲ. ಹತ್ತು–ಹನ್ನೆರಡು ದಿನದೊಳಗೆ, ಮಣ್ಣಿನ ಹೆಂಟೆ ಒಡೆಯದಂತೆ ನೆಟ್ಟರೆ ಅದಕ್ಕೆ ಪೆಟ್ಟೇ ಗೊತ್ತಾಗುವುದಿಲ್ಲ. ಹಾಳೆಯ ಕೊಟ್ಟೆ ಇಲ್ಲಿ ಪ್ಲಾಸ್ಟಿಕ್ಕಿಗಿಂತ ಮೇಲು: ತಳಕ್ಕೆ ಮುಟ್ಟಿದ ಬೇರು ಸುರುಳಿ ಸುತ್ತುವ ಮೊದಲೇ ಹಾಳೆ ಬಿಡಿಸಿ ಇಡಬಹುದು. ಬಿಹಾರ, ಪಂಜಾಬಿನ ಚಳಿಗಾಲದಲ್ಲಿ 30–40 ದಿನದ ಸಸಿ ನೆಡಲು ಹೇಳುತ್ತಾರೆ, ನಿಜ. ಅಲ್ಲಿ ಚಳಿಗೆ ಸಸಿ ಏಳುವುದೇ ನಿಧಾನ. ಆ ಲೆಕ್ಕ ನಮ್ಮ ಸೆಕೆಗೆ ಹಾಕಿದರೆ ಕೆಟ್ಟಿತು.

ವಿಯೆಟ್ನಾಂನ ಕೆಂಪು ನದಿಯ ಬಯಲಿನಲ್ಲಿ ಭತ್ತ ಕೊಯ್ದ ಒದ್ದೆ ಗದ್ದೆಗೆ, ಕೆಸರಿನಲ್ಲಿ ಬೆಳೆಸಿದ ಜೋಳದ ಸಸಿಯನ್ನು ಮಣ್ಣಿನ ಸಮೇತ ಇಡುತ್ತಾರೆ. ಅವರಿಗೆ ಅಗೆ ಎಂದರೆ ಗದ್ದೆ ಖಾಲಿಯಾಗುವವರೆಗೆ ದಿನ ಉಳಿಸುವ ಉಪಾಯ. ನಾವು ಅದನ್ನು ನವಿಲಿನಿಂದ ಬೀಜ ಕಾಯುವುದಕ್ಕಷ್ಟೇ ಬಳಸುತ್ತಿದ್ದೇವೆ.

ರೋಹಿಣಿ ಮಳೆಗೆ ನೆಡುವ ರೂಢಿಯನ್ನೇ ನೋಡಿ. ಬೀಜ ಹಾಕಿ 50–55 ದಿನಕ್ಕೆ ಜೋಳ ಹೂ ಬಿಡುತ್ತದೆ. ಅಂದರೆ ಪುನರ್ವಸು, ಪುಷ್ಯ ಮಳೆಗಳ ನಡುವೆ. ತುದಿಯ ಸೂಲಂಗಿಯಿಂದ ಪರಾಗ ಗಾಳಿಯಲ್ಲಿ ಉದುರಿ ತೆನೆಯ ಕೂದಲಿಗೆ ತಾಗಬೇಕು. ಒಂದು ಕೂದಲಿಗೆ ಒಂದು ಕಾಳು. ಪರಾಗ ಸಿಗದ ಕೂದಲಿನ ಕಾಳು ಕಟ್ಟುವುದಿಲ್ಲ. ಹಗಲೂ ರಾತ್ರಿ ಜಡಿಮಳೆ ಹಿಡಿದಾಗ ಸೂಲಂಗಿ ಒದ್ದೆ ಮುದ್ದೆಯಾಗಿ ಪರಾಗ ಉದುರುವುದೇ ಇಲ್ಲ. ಸಿಪ್ಪೆ ಸುಲಿದರೆ ಹಲ್ಲುದುರಿದ ಬಾಯಿಯಂಥ ತೆನೆ. ಗೊಬ್ಬರ ಸಾಲಲಿಲ್ಲವೆಂದು ಮರುವರ್ಷ ಇನ್ನೊಂದು ಬುಟ್ಟಿ ಸುರಿಯುತ್ತೇವೆ.

ಅಗೆಯನ್ನು ಜುಲೈ ಕೊನೆಗೆ ಸೂರಿನಡಿ ಎಬ್ಬಿಸಿ, ಆಶ್ಲೇಷಾ ಮಳೆಯಲ್ಲಿ ಏರುಮಡಿಗೆ ನೆಟ್ಟರೆ ಹೂವು ಉತ್ತರೆ ಮಳೆಯ ಹೊತ್ತಿಗೆ, ಮಳೆ ಬಿಟ್ಟು ಬಿಟ್ಟು ಬರುವಾಗ ಬೀಳುತ್ತದೆ. ಎಳೆ ತೆನೆ ಅಕ್ಟೋಬರಿಗೆ ಕೈಗೆ ಬರುತ್ತದೆ. ಆರಂಭದ ಮೋಡ ಕವಿದ ದಿನಗಳಲ್ಲಿ ಗಿಡ ಸ್ವಲ್ಪ ಸೊರಗಬಹುದು. ಆ ನಷ್ಟ ಒಪ್ಪಬಹುದಾದದ್ದು.

ಬೇಲಿಗುಂಟ ಒಂದೇ ಸಾಲು ನೆಡುವ ಅಭ್ಯಾಸವೂ ಬಿಡಬೇಕು. ಗಾಳಿ ಬೀಸಿದತ್ತ ಪರಾಗ ಹೋಗಿ ದರೆಗೆ ಬೀಳುತ್ತದೆ. 16 ಗಿಡವಿದ್ದರೆ ನಾಲ್ಕು ನಾಲ್ಕರ ಚೌಕ. ಸಾಲಿಗೆ ಎರಡಡಿ, ಗಿಡಕ್ಕೆ ಒಂದಡಿ ಅಂತರ. ಮಳೆ ಹೊಳವಾದ ಬೆಳಿಗ್ಗೆ ಸೂಲಂಗಿ ಬಗ್ಗಿಸಿ ಪಕ್ಕದ ಗಿಡದ ಕೂದಲ ಮೇಲೆ ಕೊಡವಿದರೆ ಇನ್ನೂ ಒಳ್ಳೆಯದು.

ಅಗೆಗೆ ಇನ್ನೊಂದು ಗುಣವಿದೆ. 2018ರ ಮೇ ತಿಂಗಳಲ್ಲಿ, ದೇಶದಲ್ಲೇ ಮೊದಲು, ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾದ ಅಮೆರಿಕದ ಸೈನಿಕ ಹುಳು ಎಳೆ ಸುಳಿಗೇ ಬೀಳುತ್ತದೆ. ಸೂರಿನಡಿಯ ಸಸಿಯನ್ನು ದಿನಾ ಕೈಯಲ್ಲಿ ಹಿಡಿದು ನೋಡಬಹುದು. ಎಲೆಯ ಮೇಲಿನ ಮೊಟ್ಟೆಗುಂಪು ಒರೆಸಿ ತೆಗೆಯಬಹುದು.

ಬೀಜದ ಮಾತೂ ಹೇಳಬೇಕು. ಪೇಟೆಯ ಸ್ವೀಟ್ ಕಾರ್ನ್ ಹೆಚ್ಚಾಗಿ ಹೈಬ್ರಿಡ್. ಅದರ ಕಾಳು ಮರುವರ್ಷ ಹಾಕಿದರೆ ತಾಯಿಯಂತೆ ಬರುವುದಿಲ್ಲ. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ವನಸ್ತ್ರೀ ಬಳಗದ ಮಲೆನಾಡು ಮೇಳದಲ್ಲಿ ಹೆಂಗಸರು ಹಿತ್ತಿಲ ಬೀಜ ಕೊಟ್ಟು ತರುವುದುಂಟು. ಜವಾರಿ ಜೋಳ ಕೈಗೆ ಸಿಕ್ಕಿದರೆ ಒಂದೇ ಚಂದದ ತೆನೆಯಿಂದ ಬೀಜ ತೆಗೆದಿಡುವುದು ಸಾಲದು, ಕೆಲವೇ ವರ್ಷಗಳಲ್ಲಿ ಗಿಡ ಕುಗ್ಗುತ್ತ ಹೋಗುತ್ತದೆ. ಹತ್ತಾರು ಗಿಡದ ತೆನೆಗಳ ಕಾಳು ಬೆರೆಸಿ ಇಡಬೇಕು, ಒಂದು ಮನೆಯಲ್ಲಿ ಅಷ್ಟು ಗಿಡವಿಲ್ಲದಿದ್ದರೆ ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ.